ಕರೆಂಟು ಹೋಗಿ ಬಂದರೆ ವೈಫೈ ಕಾಣದ ಲ್ಯಾಪ್‌ಟಾಪು

ಆಷಾಢದ ಮಳೆ ತುಸು ಬಿಡುವು ಕೊಟ್ಟ ಒಂದು ಮಧ್ಯಾಹ್ನ ನಮ್ಮ ನೆರೆಮನೆಯ ಮಾವ ಲ್ಯಾಪ್‌ಟಾಪೊಂದನ್ನು ಗೊಬ್ಬರದ ಖಾಲಿ ಚೀಲದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಕೊಡಗಿನ ನಾಪೋಕ್ಲು ಕಡೆಯ ಮಳೆಗೆ ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ಅದು 2009ರ ಮಾದರಿ. ಅಮೆರಿಕದಲ್ಲಿರುವ ಮಗ ಹುತ್ತರಿಗೆ ಬಂದಿದ್ದಾಗ ಮನೆಯಲ್ಲಿಯೇ ಬಿಟ್ಟುಹೋದದ್ದು. ಈಗ ಮೊಮ್ಮಗಳ ಪಾಠಕ್ಕೆ, ಪಹಣಿ ತೆಗೆಯುವುದಕ್ಕೆ, ಕಾಳುಮೆಣಸಿನ ದರ ನೋಡುವುದಕ್ಕೆ ಮನೆಯಲ್ಲಿ ಇರುವುದು ಅದೊಂದೇ.

‘ಕರೆಂಟು ಹೋಗಿ ಬಂದರೆ ಇದಕ್ಕೆ ವೈಫೈ ಕಾಣುವುದೇ ಇಲ್ಲ. ಮೊಬೈಲಿಗೆ ಕಾಣುತ್ತದೆ. ಎರಡು ದಿನ ಬಿಟ್ಟು ಇನ್ನೊಮ್ಮೆ ಕರೆಂಟು ಹೋಗಿ ಬಂದರೆ ಮತ್ತೆ ಕಾಣುತ್ತದೆ. ಇದಕ್ಕೆ ಯಾವುದೋ ಗಾಳಿ ಸೋಕಿದೆ ಮಾರಾಯ’ ಎಂದರು.

ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದ್ದರಂತೆ. ಅಲ್ಲಿ ವೈಫೈ ಚೆನ್ನಾಗಿಯೇ ಹಿಡಿಯಿತಂತೆ. ಆದರೂ ಒಳಗಿನ ವೈಫೈ ಕಾರ್ಡ್ ಹೋಗುವ ಹಂತದಲ್ಲಿದೆ, ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಿ ಎಂಬ ಸಲಹೆ ಸಿಕ್ಕಿತು. ಮಾವನ ದೂರಿನಲ್ಲಿಯೇ ಉತ್ತರವಿತ್ತು. ಅದು ನನಗೆ ಹೊಳೆದದ್ದು ಮಾತ್ರ ತಡವಾಗಿ. ಅಲ್ಲಿಗೆ ಹೋಗುವ ಮೊದಲು ಹಳೆಯ ಯಂತ್ರವೊಂದಕ್ಕೆ ವೈಫೈ ಬರಬೇಕಾದರೆ ಏನೇನು ಸರಿಯಿರಬೇಕು ಎಂಬುದನ್ನು ನೋಡೋಣ.

ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟಾಗ ನಾವು ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತೇವೆ. ಜೆಟ್ ತಿರುಗದಿದ್ದರೆ ಯಾರೂ ಜೆಟ್ಟನ್ನು ಕಿತ್ತು ಎಸೆಯುವುದಿಲ್ಲ. ಕೆರೆಯಲ್ಲಿ ನೀರಿದೆಯೇ, ಮೋಟರು ಎತ್ತುತ್ತಿದೆಯೇ, ಯಾವ ಜಾಯಿಂಟಿನಲ್ಲಿ ಸೋರುತ್ತಿದೆ ಎಂದು ಪೈಪಿನ ಉದ್ದಕ್ಕೂ ನಡೆಯುತ್ತೇವೆ. ‘ವೈಫೈ ಬರುತ್ತಿಲ್ಲ’ ಎಂಬುದೂ ಜೆಟ್ ತಿರುಗುತ್ತಿಲ್ಲ ಎಂದಷ್ಟೇ ಹೇಳುವ ಮಾತು. ರೇಡಿಯೊಗೆ ಚಾಲನೆ ಇದೆಯೇ, ಕಾರ್ಡಿನ ಪರಿಚಯ ಕಂಪ್ಯೂಟರಿಗೆ ಇದೆಯೇ, ರೂಟರಿನ ಅಲೆ ಆ ಕಾರ್ಡಿಗೆ ಕೇಳಿಸುವಂಥದ್ದೇ, ಕೇಳಿಸಿದರೂ ಇಬ್ಬರಿಗೂ ಒಂದೇ ಗುಪ್ತಭಾಷೆ ಬರುತ್ತದೆಯೇ, ಕೊನೆಗೆ ಜೋಡಣೆಯಾದ ಮೇಲೆ ಅಂತರ್ಜಾಲ ನಿಜವಾಗಿ ಒಳಬರುತ್ತಿದೆಯೇ ಎಂದು ಒಂದೊಂದೇ ಜಾಯಿಂಟು ನೋಡುತ್ತಾ ಬರಬೇಕು.

ಮೊದಲನೆಯದಕ್ಕೆ ಹೆಚ್ಚು ಹೊತ್ತು ಬೇಡ. ಹಳೆಯ ಲ್ಯಾಪ್‌ಟಾಪುಗಳಲ್ಲಿ ವೈಫೈಗೆಂದೇ ಒಂದು ಗುಂಡಿ ಇರುತ್ತಿತ್ತು. ಕೆಲವದರಲ್ಲಿ ಮುಂಭಾಗದ ಅಂಚಿನಲ್ಲಿ, ಉಗುರಿನಿಂದ ಸರಿಸುವಂಥ ಪುಟ್ಟ ಸ್ವಿಚ್. ಕೆಲವದರಲ್ಲಿ ಕೀಲಿಮಣೆಯ ಮೇಲ್ಗಡೆ ನೀಲಿ ಅಥವಾ ಕಿತ್ತಳೆ ಬಣ್ಣದಲ್ಲಿ ಬೆಳಗುವ ಗುಂಡಿ. ಉಳಿದವದರಲ್ಲಿ ಎಫ್‌ಎನ್ ಕೀಲಿಯ ಜೊತೆಗೆ ಮೇಲಿನ ಸಾಲಿನ ಯಾವುದೋ ಒಂದು ಕೀಲಿ. ಚೀಲದಿಂದ ತೆಗೆಯುವಾಗ ಆ ಸ್ವಿಚ್ ಸರಿದುಹೋಗುವುದು ಸಾಮಾನ್ಯ. ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಇದ್ದರೆ ‘ಆರ್‌ಎಫ್‌ಕಿಲ್ ಲಿಸ್ಟ್’ ಎಂಬ ಆಜ್ಞೆ ಇದನ್ನು ನೇರವಾಗಿ ಹೇಳುತ್ತದೆ. ಸಾಫ್ಟ್ ಬ್ಲಾಕ್ ಎಂದು ಬಂದರೆ ತಂತ್ರಾಂಶವೇ ತಡೆದಿದೆ, ಆಜ್ಞೆಯಿಂದಲೇ ಬಿಡಿಸಬಹುದು. ಹಾರ್ಡ್ ಬ್ಲಾಕ್ ಎಂದು ಬಂದರೆ ಸ್ವಿಚ್ ಹುಡುಕಬೇಕು. ಎಷ್ಟು ಆಜ್ಞೆ ಕೊಟ್ಟರೂ ಅದು ಕೇಳುವುದಿಲ್ಲ. ನಮ್ಮಲ್ಲಿ ಮಳೆಗಾಲದ ತೇವಕ್ಕೆ ಆ ಸ್ವಿಚ್ಚಿನ ಒಳಗೆ ಕಿಲುಬು ಕಟ್ಟಿ, ಸರಿಸಿದರೂ ತಾಗದೆ ಇರುವುದುಂಟು. ಹತ್ತು ಹನ್ನೆರಡು ಸಲ ಆಚೀಚೆ ಸರಿಸಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಇದು ವಿಜ್ಞಾನವೇನಲ್ಲ, ಆದರೆ ನಡೆಯುತ್ತದೆ.

ಎರಡನೆಯ ಜಾಯಿಂಟಿನಲ್ಲಿ ಹೆಚ್ಚು ಜನ ಸೋಲುತ್ತಾರೆ. ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸನ್ನು ಹೊಸದಾಗಿ ಹಾಕಿಸಿದಾಗ ಅಥವಾ ಲಿನಕ್ಸ್ ಹಾಕಿದಾಗ ವೈಫೈಯ ಚಿಹ್ನೆಯೇ ಮಾಯವಾಗಿರುತ್ತದೆ. ಕಾರ್ಡ್ ಒಳಗೇ ಇದೆ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಇಲ್ಲ, ಅಷ್ಟೆ. ಆ ಡ್ರೈವರನ್ನು ಇಳಿಸಿಕೊಳ್ಳಲು ಅಂತರ್ಜಾಲ ಬೇಕು, ಅಂತರ್ಜಾಲಕ್ಕೆ ಆ ಡ್ರೈವರ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ನಮ್ಮ ಹಿರಿಯರು ಇದಕ್ಕೆಂದೇ ಮಾಡಿಟ್ಟಂತಿದೆ.

ಈ ಗಂಟನ್ನು ಬಿಡಿಸುವುದು ಮೊಬೈಲಿನ ಚಾರ್ಜಿಂಗ್ ಕೇಬಲ್. ಆಂಡ್ರಾಯ್ಡ್ ಫೋನನ್ನು ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ಚಾಲೂ ಮಾಡಿದರೆ, ಲ್ಯಾಪ್‌ಟಾಪಿನ ಕಣ್ಣಿಗೆ ಫೋನು ಒಂದು ತಂತಿ ಜಾಲದ ಕಾರ್ಡಿನಂತೆ ಕಾಣುತ್ತದೆ. ಇದಕ್ಕೆ ಬೇಕಾದ ಡ್ರೈವರ್ ಲಿನಕ್ಸ್‌ನಲ್ಲಿ ಮೊದಲೇ ಇರುತ್ತದೆ, ವಿಂಡೋಸ್ 7 ಮತ್ತು ಅದರ ನಂತರದವು ಕೂಡ ಸಾಮಾನ್ಯವಾಗಿ ತಾವೇ ಗುರುತಿಸುತ್ತವೆ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ: ಫೋನಿನಲ್ಲಿ ಮೊಬೈಲ್ ಡೇಟಾ ಇರಲೇಬೇಕೆಂದಿಲ್ಲ. ಫೋನು ಮನೆಯ ವೈಫೈಯಲ್ಲಿದ್ದರೆ ಅದನ್ನೇ ಕೇಬಲಿನ ಮೂಲಕ ಲ್ಯಾಪ್‌ಟಾಪಿಗೆ ದಾಟಿಸುತ್ತದೆ. ಬೆಟ್ಟದ ಮರೆಯ ಕಣಿವೆಯಲ್ಲಿ ಮನೆಯಿದ್ದು, ಫೋನಿಗೆ ಒಂದು ಗೀಟು ಸಿಗ್ನಲ್ಲೂ ಬಾರದ ನಮ್ಮಂಥವರಿಗೆ ಇದು ದೊಡ್ಡ ಉಪಕಾರ. ಕೇಬಲ್ ಮಾತ್ರ ಡೇಟಾ ಹೋಗುವಂಥದ್ದಾಗಿರಬೇಕು. ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್ ಹಿಡಿದು ಒಂದು ಗಂಟೆ ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ಈಗ ಯಾವ ಡ್ರೈವರ್ ಎಂಬ ಪ್ರಶ್ನೆ. ಲ್ಯಾಪ್‌ಟಾಪಿನ ಹೊರಗಿನ ಹೆಸರನ್ನು ನಂಬಬೇಡಿ. ಒಂದೇ ಮಾದರಿಯಲ್ಲಿ ಬೇರೆ ಬೇರೆ ಕಂಪನಿಯ ವೈಫೈ ಕಾರ್ಡುಗಳನ್ನು ಹಾಕಿ ಮಾರುವುದು ವಾಡಿಕೆ. ಕಾರ್ಡಿಗೆ ತನ್ನದೇ ಒಂದು ಗುರುತು ಸಂಖ್ಯೆ ಇರುತ್ತದೆ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಹಳದಿ ಗುರುತಿರುವ ಸಾಧನದ ವಿವರಗಳಲ್ಲಿ ಹಾರ್ಡ್‌ವೇರ್ ಐಡಿ ನೋಡಿದರೆ ಅದು ಸಿಗುತ್ತದೆ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಎನ್‌ಎನ್’ ಆಜ್ಞೆ ಅದನ್ನು ತೋರಿಸುತ್ತದೆ. ಮೊದಲ ನಾಲ್ಕು ಅಕ್ಷರ ಮನೆತನದ ಹೆಸರಿದ್ದಂತೆ. 8086 ಎಂದಿದ್ದರೆ ಇಂಟೆಲ್, ತನ್ನ ಪ್ರಸಿದ್ಧ ಚಿಪ್ಪಿನ ಸಂಖ್ಯೆಯನ್ನೇ ಅದು ಗುರುತಾಗಿಸಿಕೊಂಡಿದೆ. 168ಸಿ ಎಂದರೆ ಅಥೆರಾಸ್, 10ಇಸಿ ಎಂದರೆ ರಿಯಲ್‌ಟೆಕ್, 14ಇ4 ಎಂದರೆ ಬ್ರಾಡ್‌ಕಾಮ್. ಮುಂದಿನ ನಾಲ್ಕು ಅಕ್ಷರ ಮಾದರಿಯನ್ನು ಹೇಳುತ್ತವೆ. ಈ ಎಂಟನ್ನು ಬರೆದುಕೊಂಡು ಹುಡುಕಿದರೆ ತಪ್ಪು ಡ್ರೈವರ್ ಕೈಗೆ ಬರುವುದಿಲ್ಲ.

ಲಿನಕ್ಸ್ ಹಾಕಿದವರನ್ನು ಹೆಚ್ಚು ಕಾಡಿದ್ದು ಬ್ರಾಡ್‌ಕಾಮ್. ಅದಕ್ಕೆ ಕಾರಣವಿದೆ. ವೈಫೈ ಕಾರ್ಡಿನೊಳಗೆ ಒಂದು ಪುಟ್ಟ ಸಂಸ್ಕಾರಕವಿರುತ್ತದೆ; ಹಲವು ಕಾರ್ಡುಗಳಿಗೆ ಪ್ರತಿ ಸಲ ಚಾಲೂ ಆದಾಗಲೂ ಒಂದು ಚಿಕ್ಕ ಪ್ರೋಗ್ರಾಮನ್ನು ಹೊರಗಿನಿಂದ ಉಣಿಸಬೇಕು. ಅದೇ ಫರ್ಮ್‌ವೇರ್. ಡ್ರೈವರನ್ನು ಲಿನಕ್ಸ್ ಬಳಗದವರು ತಾವೇ ಬರೆದರು, ಬಿ43 ಎಂಬ ಆ ಡ್ರೈವರ್ 2008ರ ಜನವರಿಯಲ್ಲಿ ಬಂದ, ಲಿನಕ್ಸ್‌ನ ತಿರುಳಾದ ಕರ್ನಲಿನ 2.6.24ನೆಯ ಆವೃತ್ತಿಯಲ್ಲಿ ಸೇರಿತು. ಆದರೆ ಫರ್ಮ್‌ವೇರ್ ಕಂಪನಿಯ ಸ್ವತ್ತು, ಅದನ್ನು ಹಂಚಲು ಅನುಮತಿ ಇರಲಿಲ್ಲ. ಎತ್ತು ಸಿದ್ಧ, ನೇಗಿಲು ಮಾತ್ರ ಪಕ್ಕದ ಮನೆಯ ಬೀಗದೊಳಗೆ ಎಂಬ ಸ್ಥಿತಿ. ಹಾಗಾಗಿ ಬಳಕೆದಾರರೇ ಕಂಪನಿಯ ಡ್ರೈವರನ್ನು ಇಳಿಸಿ, ಅದರೊಳಗಿನಿಂದ ಫರ್ಮ್‌ವೇರನ್ನು ಕತ್ತರಿಸಿ ತೆಗೆಯಬೇಕಾಯಿತು. ಆ ಸಲಕರಣೆಯ ಹೆಸರೇ ಫರ್ಮ್‌ವೇರ್ ಕಟರ್. ಈಗ ಇಷ್ಟು ಪಾಡಿಲ್ಲ. ಲಿನಕ್ಸ್‌ನ ಹಲವು ರೂಪಗಳಲ್ಲೊಂದಾದ ಡೆಬಿಯನ್‌ನಲ್ಲಿ 2023ರ 12ನೆಯ ಆವೃತ್ತಿಯಿಂದ ಇತರ ಬಹಳಷ್ಟು ಕಾರ್ಡುಗಳ ಫರ್ಮ್‌ವೇರ್ ಡಿಸ್ಕಿನಲ್ಲಿಯೇ ಬರುತ್ತದೆ, ಮಿಂಟ್, ಉಬುಂಟು ಎಂಬ ರೂಪಗಳಲ್ಲಿ ಡ್ರೈವರ್ ಹುಡುಕಿಕೊಡುವ ಕಿಟಕಿಯೇ ಇದೆ. ಹಳೆಯ ಬ್ರಾಡ್‌ಕಾಮ್‌ಗೆ ಮಾತ್ರ ಇಂದಿಗೂ ಫರ್ಮ್‌ವೇರನ್ನು ಹೊರಗಿನಿಂದ ತರಿಸಬೇಕಾಗಬಹುದು. ಅದಕ್ಕೆ ಮೇಲೆ ಹೇಳಿದ ಕೇಬಲ್ ಸಾಕು.

ಮಾವನ ಲ್ಯಾಪ್‌ಟಾಪಿನಲ್ಲಿ ಈ ಎರಡೂ ಸರಿಯಿದ್ದವು. ಸ್ವಿಚ್ ಚಾಲೂ, ಡ್ರೈವರ್ ಸರಿ, ನಮ್ಮ ಮನೆಯ ವೈಫೈಯನ್ನು ಕೂಡಲೇ ಹಿಡಿಯಿತು. ಆದ್ದರಿಂದ ಅವರ ಮನೆಗೇ ಹೋದೆ. ಜಗಲಿಯ ಐಮರದ ಮೇಲೆ ಕುಳಿತು ತೆರೆದರೆ ಪಟ್ಟಿಯಲ್ಲಿ ಅವರ ರೂಟರಿನ ಹೆಸರಿಲ್ಲ. ರೂಟರು ಹತ್ತು ಅಡಿ ದೂರದಲ್ಲಿ ಗೋಡೆಯ ಮೇಲೆ ಹಸಿರು ದೀಪ ಮಿಟುಕಿಸುತ್ತಾ ಕುಳಿತಿದೆ. ನನ್ನ ಫೋನಿಗೆ ಐದು ಗೀಟು ತುಂಬ ಸಿಗ್ನಲ್.

ವೈಫೈಯಲ್ಲಿ ಎರಡು ಮುಖ್ಯ ಅಲೆಪಟ್ಟಿಗಳಿವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ವೈಫೈಯ ಹಳೆಯ ಪೀಳಿಗೆಗಳಾದ 1999ರ 802.11ಬಿ ಮತ್ತು 2003ರ 802.11ಜಿ ಎರಡೂ 2.4ರಲ್ಲಿ ಮಾತ್ರ ಮಾತಾಡುತ್ತವೆ. 2009ರಲ್ಲಿ ಅಂತಿಮವಾದ 802.11ಎನ್ ಎರಡರಲ್ಲೂ ಇರಬಹುದು, ಆದರೆ ಅಗ್ಗದ ಎನ್ ಕಾರ್ಡುಗಳಲ್ಲಿ 5 ಇರುವುದಿಲ್ಲ. ಇದನ್ನು ತಿಳಿಯಲು ಸುಲಭದ ದಾರಿ ಕಾರ್ಡಿನ ಹೆಸರಿನ ಬಾಲ: ಬಿಜಿಎನ್ ಎಂದಿದ್ದರೆ 2.4 ಮಾತ್ರ, ಎ ಅಕ್ಷರ ಸೇರಿ ಎಜಿಎನ್ ಅಥವಾ ಎಬಿಜಿಎನ್ ಎಂದಿದ್ದರೆ 5 ಕೂಡ. ಇವತ್ತಿನ ಹಲವು ರೂಟರುಗಳು ಎರಡೂ ಪಟ್ಟಿಗೆ ಒಂದೇ ಹೆಸರಿಟ್ಟು ಪ್ರಸಾರ ಮಾಡುತ್ತವೆ. ಹೊಸ ಫೋನಿನ ಹಾಟ್‌ಸ್ಪಾಟ್ ಕೆಲವೊಮ್ಮೆ 5ರಲ್ಲಿ ಮಾತ್ರ ಇರುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ಫೋನಿನ ಹಾಟ್‌ಸ್ಪಾಟ್ ಕಾಣುತ್ತಿಲ್ಲವೆಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಆಂಡ್ರಾಯ್ಡಿನಲ್ಲಿ ಹಾಟ್‌ಸ್ಪಾಟಿನ ಬ್ಯಾಂಡನ್ನು 2.4ಕ್ಕೆ ಇಳಿಸಬೇಕು, ಐಫೋನ್ 12 ಮತ್ತು ನಂತರದವುಗಳಲ್ಲಿ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಎಂಬ ಸ್ವಿಚ್ ಇದೆ, ಅದನ್ನು ಹಾಕಿದರೆ ಸಾಕು.

ಆದರೆ ಮಾವನ ರೂಟರು 2.4ರಲ್ಲಿಯೇ ಇತ್ತು. ಇನ್ನೂ ಒಂದು ಪದರ ಕೆಳಗೆ ಇಳಿಯಬೇಕಾಯಿತು. 2.4ರ ಪಟ್ಟಿಯನ್ನು ಚಾನೆಲ್‌ಗಳಾಗಿ ಹಂಚಿದ್ದಾರೆ. ಒಂದನೆಯದು 2412 ಮೆಗಾಹರ್ಟ್ಸ್‌ನಲ್ಲಿ, ಅಲ್ಲಿಂದ ಐದೈದು ಮೆಗಾಹರ್ಟ್ಸ್ ಮೇಲೇರುತ್ತಾ 2472ರಲ್ಲಿ ಹದಿಮೂರನೆಯದು. ಭಾರತದಲ್ಲಿ ಹದಿಮೂರನ್ನೂ ಬಳಸಬಹುದು. ಅಮೆರಿಕದಲ್ಲಿ ಮಾರುವ ಸಾಧನಗಳು ಹನ್ನೊಂದಕ್ಕೇ ನಿಲ್ಲುತ್ತವೆ, ಅಲ್ಲಿನ ನಿಯಮ ಹಾಗೆ. ಆ ಮಿತಿಯನ್ನು ಹಳೆಯ ಕಾರ್ಡುಗಳ ಒಳಗೇ ಬರೆದಿಟ್ಟಿರುತ್ತಾರೆ; ಕಾರ್ಡು ಸಮುದ್ರ ದಾಟಿ ಕೊಡಗಿಗೆ ಬಂದರೂ ಹನ್ನೆರಡು, ಹದಿಮೂರನೆಯ ಚಾನೆಲಿಗೆ ಕಿವಿಗೊಡುವುದೇ ಇಲ್ಲ. ಇತ್ತ ರೂಟರು ಪ್ರತಿ ಸಲ ಚಾಲೂ ಆದಾಗಲೂ ಯಾವ ಚಾನೆಲ್ ಖಾಲಿಯಿದೆ ಎಂದು ನೋಡಿ ತಾನೇ ಒಂದನ್ನು ಆರಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ, ಬಂದಾಗ ರೂಟರು ಹೊಸದಾಗಿ ಚಾನೆಲ್ ಆರಿಸುತ್ತದೆ, ಆರೋ ಒಂಬತ್ತೋ ಬಿದ್ದರೆ ಲ್ಯಾಪ್‌ಟಾಪಿಗೆ ಕಾಣುತ್ತದೆ, ಹದಿಮೂರು ಬಿದ್ದರೆ ಇಲ್ಲ. ಆ ದಿನ ಹದಿಮೂರರಲ್ಲಿತ್ತು. ಇಲ್ಲಿಯೇ ಕೊಂಡ ಫೋನುಗಳಿಗೆ ಹದಿಮೂರೂ ಕೇಳಿಸುತ್ತದೆಯಾದ್ದರಿಂದ ಅವುಗಳಿಗೆ ತೊಂದರೆಯೇ ಇಲ್ಲ. ಪೇಟೆಯ ಅಂಗಡಿಯಲ್ಲಿಯೂ ನಮ್ಮ ಮನೆಯಲ್ಲಿಯೂ ರೂಟರು ಬೇರೆ ಚಾನೆಲಿನಲ್ಲಿದ್ದುದರಿಂದ ಅಲ್ಲಿ ಕಾಣಿಸಿತು.

ಬ್ರೌಸರಿನಲ್ಲಿ ರೂಟರಿನ ಪುಟ ತೆರೆದು, ಚಾನೆಲ್ ‘ಆಟೋ’ ಎಂದಿದ್ದುದನ್ನು ತೆಗೆದು ಆರಕ್ಕೆ ನಿಲ್ಲಿಸಿದೆ. ಒಂದು, ಆರು, ಹನ್ನೊಂದು ಈ ಮೂರು ಒಂದರ ಮೇಲೊಂದು ಬೀಳದ ಚಾನೆಲ್‌ಗಳು. ತೋಟದ ನಡುವಿನ ಒಂಟಿ ಮನೆಗೆ ಯಾವುದಾದರೂ ಆದೀತು; ಮಡಿಕೇರಿಯ ಪೇಟೆಯಲ್ಲಿ ಅಕ್ಕಪಕ್ಕದವರದು ಯಾವುದೆಂದು ನೋಡಿ ಆರಿಸುವುದು ಒಳ್ಳೆಯದು. ಗಾಳಿ ಬಿಡಿಸಿದ್ದಕ್ಕೆ ಮಾವ ಒಂದು ಬಾಳೆಗೊನೆ ಕೊಟ್ಟರು.

ರೂಟರಿನ ಪುಟದಲ್ಲಿರುವಾಗಲೇ ಭದ್ರತೆಯ ಸಾಲನ್ನೂ ನೋಡಿ. ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿಯಾಗಿಯೇ ಹಾಕಿದ್ದೀರಿ, ಆದರೂ ಜೋಡಣೆಯಾಗುತ್ತಿಲ್ಲವೆಂದರೆ ತೊಂದರೆ ಹೆಚ್ಚಾಗಿ ಅಲ್ಲಿರುತ್ತದೆ. 1997ರ ಡಬ್ಲ್ಯೂಇಪಿ ಎಂಬ ಬೀಗವನ್ನು 2001ರಲ್ಲಿಯೇ ಒಡೆದರು. 2003ರಲ್ಲಿ ಡಬ್ಲ್ಯೂಪಿಎ, 2004ರಲ್ಲಿ ಡಬ್ಲ್ಯೂಪಿಎ2, 2018ರಲ್ಲಿ ಡಬ್ಲ್ಯೂಪಿಎ3 ಬಂದವು. ರೂಟರು ಡಬ್ಲ್ಯೂಪಿಎ3 ಮಾತ್ರ ಎಂದು ಪಟ್ಟು ಹಿಡಿದಿದ್ದರೆ ಹಳೆಯ ಕಾರ್ಡು ಬಾಗಿಲಲ್ಲೇ ನಿಲ್ಲುತ್ತದೆ. ಎರಡು ಮತ್ತು ಮೂರರ ಮಿಶ್ರಣ ಎಂದಿದ್ದರೂ ಕೆಲವು ಹಳೆಯ ಡ್ರೈವರುಗಳು ಗೊಂದಲಕ್ಕೆ ಬೀಳುತ್ತವೆ. ಡಬ್ಲ್ಯೂಪಿಎ2 ಮತ್ತು ಎಇಎಸ್ ಎಂಬುದನ್ನು ಆರಿಸಿದರೆ ಜಗಳ ಮುಗಿಯಿತು. ಮನೆಯ ಇತರ ಸಾಧನಗಳಿಗೆ ಹೊಸ ಬೀಗವೇ ಇರಲಿ ಎನ್ನುವವರು ರೂಟರಿನಲ್ಲಿ ಅತಿಥಿ ಜಾಲವೊಂದನ್ನು ತೆರೆದು ಅದಕ್ಕೆ ಮಾತ್ರ ಡಬ್ಲ್ಯೂಪಿಎ2 ಇಡಬಹುದು. ಹಳೆಯ ಯಂತ್ರಕ್ಕಾಗಿ ಡಬ್ಲ್ಯೂಇಪಿಗೆ ಇಳಿಯುವುದು ಬೇಡ. ಅದು ಬೇಲಿಗೆ ಗೇಟಿನ ಚಿತ್ರ ಬರೆದು ಮಲಗಿದಂತೆ.

ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರವಾದರೆ ಇನ್ನೊಂದು ತೊಡಕು. ಎಕ್ಸ್‌ಪಿ ಬಂದದ್ದು 2001ರಲ್ಲಿ, ಡಬ್ಲ್ಯೂಪಿಎ2 ಹುಟ್ಟುವ ಮೊದಲು. ಅದನ್ನು 2005ರಲ್ಲಿ ಪ್ರತ್ಯೇಕ ಅಪ್‌ಡೇಟ್ ಆಗಿ ಕೊಟ್ಟರು, 2008ರ ಸರ್ವಿಸ್ ಪ್ಯಾಕ್ 3ರಲ್ಲಿ ಒಳಗೇ ಸೇರಿಸಿದರು. ಆದರೆ ಎಕ್ಸ್‌ಪಿಯನ್ನು ಜಾಲಕ್ಕೆ ಜೋಡಿಸಲು ಇಷ್ಟೆಲ್ಲ ಒದ್ದಾಡಬೇಕೇ ಎಂದು ಕೇಳಿದರೆ, ಬೇಡ ಎನ್ನುತ್ತೇನೆ. ಅದಕ್ಕೆ ಭದ್ರತಾ ಅಪ್‌ಡೇಟ್ ನಿಂತದ್ದು 2014ರ ಏಪ್ರಿಲ್ 8ಕ್ಕೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ನಿಂತಿತು. ಅಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದರೆ, ಕೋರ್ 2 ಡ್ಯುಯೊ ಕಾಲದ ಸಂಸ್ಕಾರಕ ಮತ್ತು 4 ಜಿಬಿ ಮೆಮೊರಿ ಇದ್ದರೂ ನಿಭಾಯಿಸುತ್ತದೆ.

ಇಷ್ಟಾದ ಮೇಲೂ ‘ಜೋಡಣೆಯಾಗಿದೆ’ ಎಂದು ತೋರಿಸಿ ಒಂದು ಪುಟವೂ ತೆರೆಯದೆ ಇರಬಹುದು. ಆಗ ಜಾಲದಲ್ಲಿ ಲ್ಯಾಪ್‌ಟಾಪಿನ ಗುರುತು ಸಂಖ್ಯೆಯಾದ ಐಪಿ ವಿಳಾಸ ನೋಡಿ. 169.254 ಎಂದು ಶುರುವಾಗುತ್ತಿದ್ದರೆ ರೂಟರು ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ, ಯಂತ್ರ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಆ ಜಾಲವನ್ನು ಮರೆಸಿ ಮತ್ತೆ ಜೋಡಿಸಬೇಕು. ವಿಳಾಸ ಸರಿಯಿದ್ದೂ ಪ್ರತಿ ಪುಟದಲ್ಲಿಯೂ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬಂದರೆ ಗಡಿಯಾರ ನೋಡಿ. ಇದು ಹಳೆಯ ಲ್ಯಾಪ್‌ಟಾಪುಗಳಿಗೇ ವಿಶೇಷವಾದ ರೋಗ. ಮದರ್‌ಬೋರ್ಡಿನಲ್ಲಿ ಗಡಿಯಾರ ನಡೆಸಲು ಒಂದು ಪುಟ್ಟ ನಾಣ್ಯದಂಥ ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ ಸಿಆರ್2032. ಅದು ಸತ್ತರೆ, ಕರೆಂಟು ತೆಗೆದಾಗಲೆಲ್ಲ ಯಂತ್ರ ತಾನು ಹುಟ್ಟಿದ ವರ್ಷಕ್ಕೆ ಮರಳಿಹೋಗುತ್ತದೆ. ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ಆರಂಭದ ದಿನ, ಮುಗಿಯುವ ದಿನ ಎಂದಿರುತ್ತದೆ. 2009ರಲ್ಲಿ ಬದುಕುತ್ತಿರುವ ಯಂತ್ರಕ್ಕೆ ಇಂದಿನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ನಂಬುವುದಿಲ್ಲ. ದಿನಾಂಕ ಸರಿಮಾಡಿದರೆ ಆ ಕ್ಷಣಕ್ಕೆ ಪುಟ ತೆರೆಯುತ್ತದೆ. ಬ್ಯಾಟರಿ ಬದಲಿಸಿದರೆ ಶಾಶ್ವತವಾಗಿ.

ಕಾರ್ಡೇ ಹೋಗಿದೆ ಎನ್ನುವ ತೀರ್ಮಾನಕ್ಕೆ ಬರಬೇಕಾದದ್ದು ಇದೆಲ್ಲ ನೋಡಿದ ಮೇಲೆ. ಆಗಲೂ ಒಮ್ಮೆ ಹಿಂಬದಿಯ ಮುಚ್ಚಳ ಬಿಚ್ಚಿ ನೋಡುವುದು ಲಾಭ, ಬ್ಯಾಟರಿ ತೆಗೆದಿಟ್ಟು. ಕಾರ್ಡಿಗೆ ಕಪ್ಪು, ಬಿಳಿ ಎರಡು ಸಪೂರ ತಂತಿಗಳು ಸಿಕ್ಕಿಸಿರುತ್ತವೆ. ಅವು ಹಿಂಜಿನ ಮೂಲಕ ಹಾದು ಪರದೆಯ ಸುತ್ತ ಇರುವ ಆಂಟೆನಾಗೆ ಹೋಗುತ್ತವೆ. ರೂಟರಿನ ಪಕ್ಕ ಕುಳಿತರೆ ಮಾತ್ರ ಸಿಗ್ನಲ್, ಎರಡು ಹೆಜ್ಜೆ ಹಿಂದೆ ಸರಿದರೆ ಇಲ್ಲ ಎಂಬ ಲಕ್ಷಣ ಕಂಡರೆ ಈ ತಂತಿ ಕಳಚಿದೆ ಎಂದು ತಿಳಿಯಿರಿ. ನನ್ನದೇ ಯಂತ್ರದ ಧೂಳು ತೆಗೆದು ತಂತಿ ಸಿಕ್ಕಿಸಲು ಮರೆತು ಒಂದು ವಾರ ರೂಟರನ್ನು ಬೈದಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ಬಟ್ಟೆಗೂ ಬೂಸ್ಟು ಬರುವ ಊರು ನಮ್ಮದು; ಕಾರ್ಡಿನ ಚಿನ್ನದ ಬಣ್ಣದ ಅಂಚಿಗೆ ಕಿಲುಬು ಕಟ್ಟುವುದು ಆಶ್ಚರ್ಯವಲ್ಲ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಿದರೆ ಎಷ್ಟೋ ಕಾರ್ಡುಗಳು ಎದ್ದು ಕೂರುತ್ತವೆ.

ಏಳದಿದ್ದರೆ ಒಳಗಿನ ಕಾರ್ಡನ್ನು ಬದಲಿಸುವ ಆಸೆ ಬರುತ್ತದೆ. ಇಲ್ಲಿ ಒಂದು ಬಲೆ ಇದೆ: ಎಚ್‌ಪಿ ಮತ್ತು ಥಿಂಕ್‌ಪ್ಯಾಡ್‌ಗಳ ಹಲವು ಹಳೆಯ ಮಾದರಿಗಳ ಬಯಾಸ್‌ನಲ್ಲಿ, ಅಂದರೆ ಯಂತ್ರ ಚಾಲೂ ಆದಾಗ ಮೊದಲು ಏಳುವ ತಂತ್ರಾಂಶದಲ್ಲಿ, ಒಪ್ಪಿಗೆಯಿರುವ ಕಾರ್ಡುಗಳ ಪಟ್ಟಿ ಇರುತ್ತದೆ, ಅದರಲ್ಲಿಲ್ಲದ ಕಾರ್ಡ್ ಹಾಕಿದರೆ ಯಂತ್ರ ಮುಂದೆ ಹೋಗಲು ಒಪ್ಪುವುದಿಲ್ಲ. ಅದಕ್ಕಿಂತ ಯುಎಸ್‌ಬಿ ಕಿಂಡಿಗೆ ಹೊರಗಿನಿಂದ ಸಿಕ್ಕಿಸುವ ವೈಫೈ ಡಾಂಗಲ್ ಲೇಸು. ಉಗುರಿನಷ್ಟು ದೊಡ್ಡದು, ಐನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ವಿಂಡೋಸ್‌ಗೆ ಯಾವುದಾದರೂ ನಡೆಯುತ್ತದೆ. ಲಿನಕ್ಸ್‌ನಲ್ಲಿ ಬಳಸುವವರು ಕೊಳ್ಳುವ ಮೊದಲು ಒಳಗಿನ ಚಿಪ್ಪಿನ ಹೆಸರು ಕೇಳಿ: ಅಥೆರಾಸ್ ಎಆರ್9271 ಸಿಕ್ಕಿಸಿದ ಕೂಡಲೇ ನಡೆಯುತ್ತದೆ, ಆದರೆ 2.4 ಮಾತ್ರ, ಎರಡೂ ಪಟ್ಟಿ ಬೇಕೆಂದರೆ ಮೀಡಿಯಾಟೆಕ್ ಎಂಟಿ7612ಯು, ಇದರ ಡ್ರೈವರ್ 4.19ನೆಯ ಆವೃತ್ತಿಯಿಂದ ಕರ್ನಲಿನಲ್ಲಿಯೇ ಇದೆ. ಡಾಂಗಲ್ ಕೊಂಡರೆ ಜೊತೆಗೆ ಒಂದು ಗಜ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲನ್ನೂ ಕೊಳ್ಳಿ. ನಮ್ಮ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ ಅಲೆಯನ್ನು ನುಂಗುತ್ತದೆ, ತಗಡಿನ ಮಾಡು ಅದನ್ನು ತಿರುಗಿಸಿ ಕಳುಹಿಸುತ್ತದೆ. ಡಾಂಗಲನ್ನು ಕೇಬಲಿನ ತುದಿಗೆ ಸಿಕ್ಕಿಸಿ ಕಿಟಕಿಯ ಸರಳಿಗೆ ಕಟ್ಟಿದರೆ, ಲ್ಯಾಪ್‌ಟಾಪು ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಯೇ ಇರಬಹುದು.